ಕುಡಿತ ಬಿಟ್ಟ ಇನಾಸ

ತೇರಗಾಂವದ ಇನಾಸನಷ್ಟು ಜಂಬದಿಂದ ಕುಡಿತ ಬಿಟ್ಟವನನ್ನು ಹಳಿಯಾಳ ತಾಲೂಕು ಕಂಡಿರಲಿಕ್ಕಿಲ್ಲ. ತೀರಿಹೋದ ತಂಗಿಯ ಮಗಳು ರೋಜಿಯನ್ನು ಸಾಕಲು ಅವನು ಅರ್ಜಿ ಹಾಕಿದಾಗ, ಪ್ರತಿ ಸೋಮವಾರ ಸರಕಾರಿ ದವಾಖಾನೆಯಲ್ಲಿ ರಕ್ತ ಕೊಟ್ಟು ಕುಡಿದಿಲ್ಲವೆಂದು ತೋರಿಸಬೇಕು, ಒಮ್ಮೆ ತಪ್ಪಿದರೂ ಹುಡುಗಿ ಅನಾಥಾಶ್ರಮಕ್ಕೆ ಎಂದು ಕೋರ್ಟು ಹೇಳಿತ್ತು. ಅಂದಿನಿಂದ ಅವನು ಸಾರಾಯಿ ಅಂಗಡಿಯ ಮುಂದೆ ಮೂಗು ಹಿಡಿದು ಓಡುತ್ತಾನೆ, ಹುಳಿ ಬಂದ ದೋಸೆಹಿಟ್ಟನ್ನು ಕಂಡರೂ ಹೆದರುತ್ತಾನೆ, ಕೆಮ್ಮಿನ ಔಷಧಿ ಕೊಡಲು ಬಂದ ನರ್ಸಿಗೆ "ನನ್ನ ಮನಿ ಮುರೀಬ್ಯಾಡ್ರಿ ಬಾಯಾರ" ಎಂದು ಕೈ ಮುಗಿಯುತ್ತಾನೆ. ಬಸ್ಸಿನಲ್ಲಿ ಕಂಡಕ್ಟರನ ಮುಖಕ್ಕೇ ಊದಿ, "ವಾಸನಿ ಐತೇನ್ರಿ?" ಎಂದು ಕೇಳುತ್ತಾನೆ. "ಉಳ್ಳಾಗಡ್ಡಿ ವಾಸನಿ ಐತಿ, ಅತ್ಲಾಗ ಸರಿ ಮಾರಾಯಾ" ಎಂದು ಕಂಡಕ್ಟರ ಬೈದರೆ ಇನಾಸನಿಗೆ ಪರಮಾನಂದ. ಆದರೆ ಈ ಸಲ ಹಿರಿಯರ ಪೂಜೆ ಭಾನುವಾರವೇ ಬಂತು; ಮರುದಿನ ಬೆಳಗಾದರೆ ರಕ್ತ ಕೊಡಬೇಕು. ಸಿದ್ದಿಗಳಾದ ಅವರ ಮನೆಯಲ್ಲಿ ಅಂದು ಸತ್ತವರಿಗೆ ಸಾರಾಯಿ ಎಡೆಯಿಟ್ಟು, ಯಜಮಾನನಾದವನು ಮೊದಲ ಗುಟುಕು ಕುಡಿಯಲೇಬೇಕು. ಇಲ್ಲದಿದ್ದರೆ ಹಿರಿಯರು ಮುನಿಯುತ್ತಾರೆ. ಇನಾಸ ಹಿರಿಯರೆಂದು ಇಟ್ಟ ತೆಂಗಿನಕಾಯಿಗಳ ಮುಂದೆ ಬೆಲ್ಲದ ಚಹಾ ಇಟ್ಟು ಅಡ್ಡಬಿದ್ದ. "ಸಿಟ್ಟಾಗಬ್ಯಾಡ್ರಿ, ಈ ವರ್ಷ ನೀವೂ ಬಿಡ್ರಿ" ಎಂದ. ಆಮೇಲೆ ದನಿ ತಗ್ಗಿಸಿ, "ತಂಗೀ, ಅವರಿಗೆ ನೀನರ ತಿಳಿಸಿ ಹೇಳವ್ವಾ. ಕೂಸು ನಿಂದ ಐತಿ" ಎಂದ.