ನಾನು ಅಳೆಯದ ಗೋಡೆ

ಶಿಕಾರಿಪುರದ ಪೇಟೆ ಬೀದಿಯಲ್ಲಿ ವಾಸಪ್ಪನವರ ಅಂಗಡಿಯ ಮುಂದೆ ಹಾದುಹೋಗುವವರು ಮೊದಲು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಅಲ್ಲಿ ಬಾಗಿಲಿನ ತೊಲೆಗೆ ಕಟ್ಟಿದ ತಂತಿಯಲ್ಲಿ ಊರಿನ ಮುಖಗಳು ನೇತಾಡುತ್ತಿದ್ದವು. ತೆಳು ಹಲಗೆಯಲ್ಲಿ ಕೊರೆದ, ಪಕ್ಕದಿಂದ ಕಂಡ ಮುಖಗಳು, ಒಂದೊಂದೂ ಅಂಗೈಯಷ್ಟು. ಹೆಸರು ಬರೆದಿರುತ್ತಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಗದ್ದವಿಲ್ಲದ ಮುಖ ಜವಳಿ ಅಂಗಡಿಯವರದು. ಕೆಳತುಟಿ ಜೋತುಬಿದ್ದದ್ದು ಅಂಚೆಯವನದು. "ಮನುಷ್ಯನ ಮುಖದಲ್ಲಿ ಇರೋದು ಮೂರೇ ಗೆರೆ ಮಾರಾಯ, ಉಳಿದದ್ದೆಲ್ಲ ಮಾಂಸ" ಎನ್ನುತ್ತಿದ್ದರು ಅವರು. ಆ ಮೂರರಲ್ಲಿ ಯಾವ ಗೆರೆ ಆ ಮನುಷ್ಯನಿಗೆ ಹೆಚ್ಚು ನೋಯುತ್ತದೆಂದು ಅವರಿಗೆ ತಿಳಿಯುತ್ತಿತ್ತು. ಅದನ್ನೇ ಒಂದು ಕೂದಲೆಳೆ ಹೆಚ್ಚು ಮಾಡಿ ಕೊರೆಯುತ್ತಿದ್ದರು.

ನನ್ನದೂ ಒಂದು ನೇತಾಡುತ್ತಿತ್ತು. ಅದು ಮುಖವಲ್ಲ, ಬರೀ ಮೂಗು. ಅದನ್ನು ತೂಗುಹಾಕಿದ ವಾರದೊಳಗೆ ಊರು ನನ್ನನ್ನು ಗಿಣಿರಾಮ ಎಂದು ಕರೆಯತೊಡಗಿತು. ನನಗೆ ಹೆಣ್ಣು ಹುಡುಕುತ್ತಿದ್ದ ಕಾಲ ಅದು. ಸೊರಬದ ಕಡೆಯಿಂದ ಬಂದ ಹುಡುಗಿಯ ಅಣ್ಣ ಬಸ್ಸಿಳಿದು ನಮ್ಮ ಮನೆ ಎಲ್ಲಿ ಎಂದು ಕೇಳಿದ್ದು ಇವರನ್ನೇ. "ಸೀನನ ಮನೆಯಾ? ಮೊದಲು ಇಲ್ಲಿ ನೋಡಿಕೊಂಡು ಹೋಗಿ, ಅಲ್ಲಿ ಹೆದರಿಕೊಳ್ಳೋದು ತಪ್ತದೆ" ಎಂದು ಬೆರಳು ಮೇಲೆ ಮಾಡಿದರಂತೆ. ಆತ ನಮ್ಮಲ್ಲಿ ಉಪ್ಪಿಟ್ಟು ತಿನ್ನುವಾಗ ನನ್ನತ್ತ ನೋಡಿದಾಗಲೆಲ್ಲ ಕೆಮ್ಮಿದ. ಸಂಬಂಧ ಕೂಡಲಿಲ್ಲ.

ಇದನ್ನು ಮೊದಲೇ ಹೇಳಿದ್ದು ನನ್ನ ತಪ್ಪಿಗೆ ನೆಪ ಮಾಡಿಕೊಳ್ಳಲಿಕ್ಕಲ್ಲ. ಹಾಗೆ ಕಂಡರೆ ಓದುವವರು ಆ ಭಾಗವನ್ನು ಬಿಟ್ಟುಬಿಡಬೇಕು. ನನಗೀಗ ಎಂಬತ್ತು ದಾಟಿದೆ. ವಾಸಪ್ಪನವರಿಗೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ.

ಅವರು ಸೊರಬದ ಗುಡಿಗಾರರು. ತಲೆತಲಾಂತರದಿಂದ ಗಂಧದ ಮರ ಕೆತ್ತಿದ ಮನೆತನ. ಐವತ್ತರ ಹತ್ತಿರದಲ್ಲಿ ಅವರ ಬಲಗೈ ಸಣ್ಣಗೆ ನಡುಗಲು ಹತ್ತಿತು. ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ನವಿಲಿನ ಕತ್ತು ಹಾರಿಹೋಯಿತು. ಅಣ್ಣ ಪುಟ್ಟಪ್ಪನವರು ಬೈಯಲಿಲ್ಲ. ತಮ್ಮ ಕೂತು ಕೆಲಸ ಮಾಡುತ್ತಿದ್ದ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು, ಅಷ್ಟೆ. ಮರುದಿನವೇ ವಾಸಪ್ಪನವರು ಶಿಕಾರಿಪುರದ ಬಸ್ಸು ಹತ್ತಿದರು.

ಇಲ್ಲಿ ದರ್ಜಿ ಖಾದರ್ ಸಾಬರ ಪಕ್ಕದಲ್ಲಿ ಒಂದು ಮಳಿಗೆ ಹಿಡಿದರು. ಖಾದರ್ ಸಾಬರ ಕೆಟ್ಟುಹೋದ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳನ್ನು ಕೇಳಿ ಪಡೆದು, ಅದರ ಮೇಲೆ ಮರದ ತೋಳೊಂದನ್ನು ಕೂರಿಸಿ, ಕೂದಲಿನಂಥ ಗರಗಸದ ಅಲಗನ್ನು ಬಿಗಿದರು. ಕೆಳಗೆ ಕಾಲು ತುಳಿದರೆ ಅಲಗು ನಿಂತಲ್ಲೇ ಮೇಲೆ ಕೆಳಗೆ ಆಡುತ್ತಿತ್ತು. ಹಲಗೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು, ಬರೆದ ಗೆರೆಯನ್ನು ಅಲಗಿನ ಬಾಯಿಗೆ ಉಣಿಸಬೇಕು. "ಉಳಿ ಹಿಡಿದ ಕೈ ಗಾಳಿಯಲ್ಲಿರ್ತದೆ, ನಡುಗ್ತದೆ. ಇಲ್ಲಿ ಕೈ ಹಲಗೆ ಮೇಲಿರ್ತದೆ. ಹಲಗೆ ನಡುಗೋದಿಲ್ಲವಲ್ಲ!" ಎಂದು ಅವರು ಈ ಉಪಾಯವನ್ನು ಹೇಳಿಕೊಳ್ಳುವಾಗ ಕಳ್ಳನ ಹಾಗೆ ನಗುತ್ತಿದ್ದರು. ಒಳಗಿನ ಕಿಂಡಿ ಕೊರೆಯಬೇಕಾದರೆ ಹಲಗೆಗೆ ಸಣ್ಣ ತೂತು ಮಾಡಿ, ಅಲಗನ್ನು ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು ತುಳಿಯಬೇಕು. ಒಂದು ಅಂಗೈ ಅಗಲದ ಜಾಲರಿಗೆ ಹೀಗೆ ಅರವತ್ತು ಸಲ. ದೇವರ ಮಂಟಪ, ಗಡಿಯಾರದ ಚೌಕಟ್ಟು, ಬಾಗಿಲ ಮೇಲಿನ ಸುಸ್ವಾಗತ ಎಲ್ಲ ಆ ಗರಗಸದಿಂದಲೇ ಬಂದವು. ಬಿಡುವಾದರೆ ಊರಿನವರ ಮೂಗು.

ನಾನು ಹೈಸ್ಕೂಲು ಮುಗಿಸಿ, ಶಾನುಭೋಗರಾಗಿದ್ದ ಸೋದರಮಾವನ ಕೈಕೆಳಗೆ ಪಹಣಿ ಬರೆಯುತ್ತಿದ್ದೆ. ಬಿಡುವು ಬೇಕಾದಷ್ಟಿತ್ತು. ಬೈಸಿಕೊಂಡರೂ ದಿನಾ ಆ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಆ ಅಲಗಿನಿಂದ ಬೀಳುವ ಹಿಟ್ಟಿನಂಥ ಪುಡಿಯನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ರಾಜ್ಯ ಒಂದಾದ ಒಂದೆರಡು ವರ್ಷಕ್ಕೆ ಇರಬೇಕು, ಸೊರಬದಿಂದ ಪುಟ್ಟಪ್ಪನವರ ಕಾಗದ ಬಂತು. ಓದಿ ಹೇಳಿದವನು ನಾನೇ. "ಹೊಲಿಗೆ ಮಿಶನ್ನಿನಲ್ಲಿ ಮರ ಕೊಯ್ಯುತ್ತೀಯೆಂದು ಕೇಳಿದೆ. ಆಟಿಕೆ ಬೇಡ. ನೂಲಿನಷ್ಟೂ ಸಂದಿಯಿಲ್ಲದೆ ಕೂಡುವ ಒಂದು ಗುಡಿ ಮಾಡು. ದೀಪಾವಳಿ ಕಳೆದ ಮೇಲೆ ಬಂದು ನೋಡುತ್ತೇನೆ. ಕೂಡಿದರೆ ನಿನ್ನ ಮಣೆ ನಿನಗೆ."

ವಾಸಪ್ಪನವರು ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು. ಅವರು ಅಷ್ಟು ಹೊತ್ತು ಯಾರನ್ನೂ ಹಂಗಿಸದೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರು ಆರಿಸಿಕೊಂಡದ್ದು ಬಳ್ಳಿಗಾವಿಯ ಹೊರಗಿದ್ದ, ಹೆಸರಿಲ್ಲದ ಒಂದು ಪಾಳು ಗುಡಿ. ಹೆಸರಿರುವ ಗುಡಿಗಳನ್ನು ಎಲ್ಲರೂ ಮಾಡುತ್ತಾರೆಂದರು. ಕಿಟಕಿಯ ಜಾಲರಿಗೆ ಕಾಗದ ಒತ್ತಿ ಇದ್ದಿಲು ಉಜ್ಜಿ ತಾವೇ ಅಚ್ಚು ತಂದರು. ಗೋಡೆ ಚಾವಣಿಗಳ ಅಳತೆಗೆ ಮಾತ್ರ ನನ್ನನ್ನು ಕರೆದರು.

"ನಡುಗೋ ಕೈಯಲ್ಲಿ ಟೇಪು ಹಿಡಿದ್ರೆ ಗುಡಿನೂ ನಡುಗ್ತದೆ. ನೀನು ಹೊಲ ಅಳೆದವ, ಓದಿದವ. ನೀನು ಬರಕೊಂಡು ಬಾ. ನಾನು ಅದನ್ನೇ ವೇದ ಅಂತ ಕೊಯ್ತೇನೆ."

ನಾನು ಎರಡು ದಿನ ಹೋದೆ. ಮೊದಲ ದಿನ ಹುರುಪಿನಲ್ಲಿ ಚಾವಣಿ ಹತ್ತಿ, ಒಂಬತ್ತು ಚಪ್ಪಡಿಗಳನ್ನೂ ಅಂಚು ಅಂಚು ಅಳೆದು ಬರೆದೆ. ಎರಡನೆಯ ದಿನ ಗೋಡೆಗಳು. ದಕ್ಷಿಣದ ಗೋಡೆ ಇಪ್ಪತ್ತು ಅಡಿ. ಪೂರ್ವ ಪಶ್ಚಿಮವನ್ನೂ ಅಳೆದೆ. ಉತ್ತರಕ್ಕೆ ಬಂದರೆ ಲಂಟಾನದ ಪೊದೆ ಎದೆಯವರೆಗೆ ಬೆಳೆದಿತ್ತು, ಮೂಲೆಯಲ್ಲಿ ಕಣಜದ ಗೂಡಿತ್ತು. ಮೂರು ಗಂಟೆಯ ಬಸ್ಸು ತಪ್ಪಿದರೆ ನಡೆದೇ ಬರಬೇಕು. ಪಹಣಿ ಬರೆಯುವಾಗ ಹೊಲಕ್ಕೆ ಹೋಗದೆ ಆಲದ ನೆರಳಲ್ಲಿ ಕೂತು, ಮೇಲಿನ ಸಾಲಿನ ಬೆಳೆಯನ್ನೇ ಕೆಳಗಿನ ಸಾಲಿಗೂ ಹಾಕಿ 'ಸದರಿ' ಎಂದು ಬರೆದು ರೂಢಿಯಾದ ಕೈ. ದಕ್ಷಿಣದ ಸಾಲಿನ ಕೆಳಗೆ ಉತ್ತರದ ಗೋಡೆ ಎಂದು ಬರೆದು ಮುಂದೆ 'ಸದರಿ' ಹಾಕಿದೆ. ಆ ಹೊತ್ತಿಗೆ ಅದು ಬರೀ ಸೋಮಾರಿತನ.

ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ ಗುಡಿ ಏಳತೊಡಗಿತು. ಎದುರುಬದುರಿನ ಗೋಡೆಗಳು ಒಂದೇ ಅಳತೆಯವೆಂದು ನನ್ನ ಪುಸ್ತಕ ಹೇಳಿತ್ತಾದ್ದರಿಂದ ಅವರು ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದು, ಮೇಲೆ ಗಂಜಿಯಿಂದ ನಕ್ಷೆ ಅಂಟಿಸಿ, ಎರಡನ್ನೂ ಒಟ್ಟಿಗೆ ಕೊಯ್ದರು. ನಾಲ್ಕು ತಿಂಗಳು. ನೂರಾರು ಕಿಂಡಿ. ಕಂಬದ ಕಚ್ಚುಗಳು ಅಂಟಿಲ್ಲದೆ ಒಂದರೊಳಗೊಂದು ಕೂರುತ್ತಿದ್ದವು. ಖಾದರ್ ಸಾಬರು ಸೂಜಿ ಬಿಟ್ಟು ಬಂದು ನೋಡಿ, "ವಾಸಪ್ನೋರೆ, ಇದರಾಗ ದೇವರು ಬಂದು ಕುಂತ್ರೂ ಬಾಡಿಗಿ ಕೇಳಂಗಿಲ್ರಿ ನೀವು" ಎಂದರು. "ದೇವರ ಮೂಗು ಹ್ಯಾಗಿದೆ ಅಂತ ನೋಡಿ ಆಮೇಲೆ ಒಳಗೆ ಬಿಡ್ತೇನೆ" ಎಂದು ಇವರು ನನ್ನತ್ತ ಕಣ್ಣು ಹೊಡೆದರು.

ದೀಪಾವಳಿಗೆ ಎಂಟು ದಿನವಿರುವಾಗ ಒಂಬತ್ತು ಚಪ್ಪಡಿಗಳನ್ನು ಜೋಡಿಸಿ ಗೋಡೆಗಳ ಮೇಲಿಟ್ಟರು. ಈಶಾನ್ಯದ ಮೂಲೆಯಲ್ಲಿ ಚಾವಣಿ ಗೋಡೆಗೆ ಮುಟ್ಟಲಿಲ್ಲ. ಎರಡು ನೂಲು, ಅಂದರೆ ಕಾಲು ಅಂಗುಲ, ಬಾಯಿ ಬಿಟ್ಟಿತ್ತು.

"ಚಪ್ಪಡಿ ತಪ್ಪು ಕೊಯ್ದೆ" ಎಂದರು ಅವರು. ಒಂಬತ್ತನ್ನೂ ಹೊಸದಾಗಿ ಕೊಯ್ದರು. ಮತ್ತೆ ಎರಡು ನೂಲು. ಮೂರನೆಯ ಸಲ ಕೊಯ್ಯುವಾಗ ಗೆರೆಯ ಮೇಲೆ ಮುಖವಿಟ್ಟುಕೊಂಡೇ ತುಳಿದರು. ಹುಬ್ಬಿನ ತುಂಬ ಮರದ ಪುಡಿ. ಆಗಲೂ ಅದೇ ಮೂಲೆ, ಅಷ್ಟೇ ಸಂದಿ.

ನಾನು ಹೇಳಿದೆ, "ಮೇಣಕ್ಕೆ ಮರದ ಪುಡಿ ಕಲಸಿ ತುಂಬಿಬಿಡಿ. ಯಾರಿಗೆ ಕಾಣ್ತೈತಿ?"

"ಆ ಗುಡಿ ಕಟ್ಟಿದ ಕಲ್ಲಿನವರು ಮೇಣ ತುಂಬಿದ್ರಾ?" ಎಂದವರು, ನನ್ನ ಮುಖ ನೋಡದೆಯೇ ಕೇಳಿದರು: "ಸೀನ, ಉತ್ತರದ ಗೋಡೆಗೆ ಟೇಪು ಹಿಡಿದಿದ್ದೆಯಲ್ಲವಾ?"

"ಹಿಡಿದಿದ್ದೆ."

"ಇಪ್ಪತ್ತೇ ಅಡಿ?"

"ಇಪ್ಪತ್ತೇ. ಪುಸ್ತಕದಾಗೆ ಐತಲ್ಲ."

"ಅದೂ ಸರಿ. ಓದಿದವನ್ನ ಕೇಳಬಾರದಿತ್ತು" ಎಂದು ತಮ್ಮ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಪರರ ವಸ್ತುವೇನೋ ಎಂಬಂತೆ ತಿರುಗಿಸಿ ನೋಡಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಬಳ್ಳಿಗಾವಿಗೆ ಹೋದೆ. ಲಂಟಾನ ಕಡಿದು, ಕಣಜಕ್ಕೆ ಹೊಗೆ ಹಾಕಿ, ಉತ್ತರದ ಗೋಡೆಗೆ ಟೇಪು ಹಿಡಿದೆ. ಹತ್ತೊಂಬತ್ತೂವರೆ ಅಡಿ. ಕಟ್ಟಿದವರು ಯಾವ ಕಾರಣಕ್ಕೋ ಅರ್ಧ ಅಡಿ ಒಳಗೆಳೆದಿದ್ದರು. ಅರ್ಧ ಅಡಿಯೆಂದರೆ ಅವರ ಗುಡಿಯಲ್ಲಿ ಕಾಲು ಅಂಗುಲ. ಎರಡು ನೂಲು. ಅವರ ಕೈ ಒಂದು ಸಲವೂ ತಪ್ಪಿರಲಿಲ್ಲ. ಚಾವಣಿಯನ್ನು ನಾನು ಸರಿಯಾಗಿಯೇ ಅಳೆದಿದ್ದೆ, ಮೂರು ಸಲವೂ ಅವರು ಕಲ್ಲಿನವರ ಆ ಚಾವಣಿಯನ್ನೇ ಕೊಯ್ದಿದ್ದರು. ಒಂದು ಗೋಡೆಯನ್ನು ಹೊಸದಾಗಿ ಕೊಯ್ದರೆ ಎಲ್ಲ ಕೂಡುತ್ತಿತ್ತು. ಅವರಿಗೆ ಅದು ನಾಲ್ಕು ದಿನದ ಕೆಲಸ. ಕೈಯಲ್ಲಿ ಆರು ದಿನವಿತ್ತು.

ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡೆ. ತಪ್ಪಾಯ್ತು ಎಂದುಬಿಡುವುದು, ಬೈದರೆ ಬೈಸಿಕೊಳ್ಳುವುದು. ಅಂಗಡಿಯ ಮುಂದೆ ಖಾದರ್ ಸಾಬರೂ ಇನ್ನಿಬ್ಬರೂ ಕೂತಿದ್ದರು. ವಾಸಪ್ಪನವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಆದರೂ ನನ್ನನ್ನು ಕಂಡೊಡನೆ ಹಳೆಯ ರೂಢಿಯಲ್ಲಿ ನಾಲಿಗೆ ಹೊರಟಿತು.

"ಮೂಗು ಬಂತು, ದಾರಿ ಬಿಡ್ರಿ. ಸೀನ ಮುಂದಿನ ಬಸ್ಸಿಗೆ ಬರ್ತಾನೆ."

ಎಲ್ಲರೂ ನಕ್ಕರು. ಅದು ಅಂಥ ದೊಡ್ಡ ಮಾತೇನಲ್ಲ. ಅದಕ್ಕಿಂತ ಕೆಟ್ಟದ್ದನ್ನು ನೂರು ಸಲ ಕೇಳಿ ನಾನೂ ನಕ್ಕಿದ್ದೆ. ಆದರೆ ಆ ಹೊತ್ತಿನಲ್ಲಿ ನನ್ನ ಜೇಬಿನಲ್ಲಿ ಅವರ ಮಾನ ಇತ್ತು, ಕೊಡುವುದು ಬಿಡುವುದು ನನ್ನ ಇಷ್ಟ ಎಂಬುದು ಮೊದಲ ಬಾರಿಗೆ ಹೊಳೆಯಿತು. ಆ ಸುಖವನ್ನು ಹೇಗೆ ಬರೆಯಲಿ? ಬಾಯಾರಿದಾಗ ನೀರು ಕುಡಿದ ಹಾಗಿತ್ತು.

"ಏನೋ ಹೇಳಲಿಕ್ಕೆ ಬಂದವನ ಹಾಂಗೆ ಕಾಣ್ತೀಯ?" ಎಂದರು.

"ಏನಿಲ್ಲ. ನಿಮ್ಮ ಗುಡಿ ಕೂಡ್ತೋ ಇಲ್ಲೋ ಅಂತ ನೋಡಾಕ ಬಂದೆ."

ಆ ಆರು ದಿನವೂ ನಾನು ಹೋಗಿ ಕೂತೆ. ಅವರು ಆ ಮೂಲೆಯನ್ನು ಉಜ್ಜುವುದನ್ನೂ ಕೊಯ್ಯುವುದನ್ನೂ ನೋಡಿದೆ. ದಿನಾ ಹೇಳಬಹುದಿತ್ತು.

ಪುಟ್ಟಪ್ಪನವರು ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ. ಗುಡಿಯ ಸುತ್ತ ಎರಡು ಸುತ್ತು ಬಂದು, ಜಾಲರಿಯ ಹತ್ತಿರ ಬಗ್ಗಿ ತುಸು ಹೊತ್ತು ನಿಂತರು. ಅವರ ಮುಖ ಮೃದುವಾದದ್ದನ್ನು ನಾನು ಕಂಡೆ. ಆಮೇಲೆ ಈಶಾನ್ಯದ ಮೂಲೆಗೆ ಬಂದರು. ಎಲೆಯಡಿಕೆಯ ಸಂಚಿಯಿಂದ ವೀಳ್ಯದೆಲೆಯ ತೊಟ್ಟೊಂದನ್ನು ಮುರಿದು ಆ ಸಂದಿಗೆ ತೂರಿಸಿದರು. ಅದು ಸಲೀಸಾಗಿ ಒಳಗೆ ಹೋಯಿತು. ಇನ್ನೊಂದು ತೊಟ್ಟನ್ನೂ ಅದರ ಮೇಲೆ ತೂರಿಸಿದರು. ಅದೂ ಹೋಯಿತು.

"ಹಲ್ಲಿ ಸಂಸಾರ ಮಾಡಬಹುದು" ಎಂದರು.

ಬೀದಿಯಲ್ಲಿ ನಿಂತವರು ನಕ್ಕರು. ತಂತಿಯಲ್ಲಿ ನೇತಾಡುತ್ತಿದ್ದ ಮುಖಗಳವರೆಲ್ಲ ಅಲ್ಲಿದ್ದರು. ನಾನೂ ನಕ್ಕೆ. ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಿಸಿದವನು ನಾನೇ ಎಂದು ನನ್ನ ನೆನಪು.

"ಎಷ್ಟು ಸಲ ಕೊಯ್ದೆ ಇದನ್ನ?" ಎಂದು ಅಣ್ಣ ಕೇಳಿದರು.

"ಮೂರು."

"ಮೂರು ಸಲವೂ ಇಷ್ಟೇಯಾ? ಹಾಂಗಾದ್ರೆ ಕೈ ಮಾತ್ರ ಅಲ್ಲ ವಾಸು, ಕಣ್ಣೂ ಹೋಗಿದೆ." ಅದನ್ನು ಅವರು ಹಂಗಿಸಲು ಹೇಳಲಿಲ್ಲ. "ಬಾ, ಒಬ್ಬನೇ ಇಲ್ಲೆಂತ ಮಾಡ್ತೀಯ. ಉಜ್ಜೋ ಕೆಲಸ ಇದೆ."

ವಾಸಪ್ಪನವರು ಗುಡಿಯನ್ನು ಮುರಿಯಲಿಲ್ಲ. ಕಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಹಲಗೆಗಳನ್ನು ಅಳತೆಯ ಪ್ರಕಾರ ಕಟ್ಟುಕಟ್ಟಿ ಖಾದರ್ ಸಾಬರಿಗೆ ಒಲೆಗೆಂದು ಕೊಟ್ಟರು. ಕಬ್ಬಿಣದ ಕಾಲುಗಳನ್ನೂ ಒರೆಸಿ ಹಿಂದಿರುಗಿಸಿದರು. ಸಂಜೆಯ ಬಸ್ಸಿಗೆ ಅಣ್ಣನ ಹಿಂದೆ ಹೊರಟರು.

ಒಂದೂವರೆ ವರ್ಷ ಕಳೆದ ಮೇಲೆ ನಾನು ಸೊರಬಕ್ಕೆ ಹೋದೆ, ಹೇಳಲೆಂದೇ. ಗುಡಿಗಾರರ ಮನೆಯ ಜಗಲಿಯಲ್ಲಿ ನಾಲ್ವರು ಮಣೆಯ ಮೇಲೆ ಕೂತು ಕೆತ್ತುತ್ತಿದ್ದರು. ವಾಸಪ್ಪನವರು ಬಾಗಿಲ ಹತ್ತಿರ ಬರೀ ನೆಲದ ಮೇಲೆ ಕೂತು, ಬೇರೆಯವರು ಕೆತ್ತಿದ ಆನೆಗಳಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ನನ್ನನ್ನು ಕಂಡು ನಕ್ಕರು. ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು.

"ಬಾ ಸೀನಪ್ಪ. ಕಾಫಿ ಕುಡೀತೀಯಾ? ನಿನ್ನನ್ನ ಅವತ್ತು ಅನುಮಾನದಲ್ಲಿ ಕೇಳಿಬಿಟ್ಟೆ ಮಾರಾಯ, ಟೇಪು ಹಿಡಿದೆಯಾ ಅಂತ. ಆಮೇಲೆ ಬಹಳ ಬೇಜಾರಾಯ್ತು. ತಪ್ಪು ತಂದಿಟ್ಟುಕೊಂಡವ ನಾನು, ಕೇಳಿದ್ದು ನಿನ್ನ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೈಯಲ್ಲಿದ್ದ ಆನೆಯನ್ನು ನನ್ನ ಮುಂದೆ ಹಿಡಿದರು. ಹೆಬ್ಬೆರಳು ಅದರ ಬೆನ್ನಿನ ಮೇಲೆ ಒಂದು ಕಡೆ ನಿಂತಿತ್ತು.

"ಇಲ್ಲಿ ಒಂಚೂರು ಏರಿದೆ ಅಂತ ಅನಿಸ್ತದೆ. ಅವರನ್ನ ಕೇಳಿದ್ರೆ ನಗ್ತಾರೆ. ನೀನು ಮುಟ್ಟಿ ನೋಡು."

ನಾನು ಮುಟ್ಟಿದೆ. ಏರಿತ್ತು. ಕೂದಲಿನಷ್ಟು, ಆದರೆ ಏರಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅವರ ಬೆರಳು ನಿಂತಿದ್ದಲ್ಲೇ ಅದು ಸಿಕ್ಕಿತು. ಅದನ್ನು ಹೌದೆಂದರೆ ಮುಂದಿನ ಮಾತನ್ನೂ ಹೇಳಬೇಕಾಗುತ್ತದೆ, ಆ ಕೈ ಯಾವತ್ತೂ ತಪ್ಪಿರಲಿಲ್ಲವೆಂದು. ಜಗಲಿಯ ನಾಲ್ವರೂ ಉಳಿ ನಿಲ್ಲಿಸಿ ನಮ್ಮತ್ತ ನೋಡುತ್ತಿದ್ದರು.

"ಏನೂ ಇಲ್ಲ, ಸಾಪ್ ಐತಿ" ಎಂದೆ.

"ಹೌದಲ್ಲ" ಎಂದರು ವಾಸಪ್ಪನವರು. ಹೆಬ್ಬೆರಳನ್ನು ಅಲ್ಲಿಂದ ತೆಗೆದು, ಆನೆಯನ್ನು ಉಜ್ಜಿ ಮುಗಿದವುಗಳ ಬುಟ್ಟಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡರು.