ಜೂರಾಕಾನ್ ಬಸ್ ಹತ್ತಲಿಲ್ಲ

ಬಾತ್ಕೆನ್ ಪಟ್ಟಣದ ಶಾಲೆಯೊಂದರ ಸಭಾಂಗಣದಲ್ಲಿ, ಮಡಿಸಿಟ್ಟ ಹಾಸಿಗೆ ಎಂದುಕೊಂಡು ನಾನು ಕುಳಿತದ್ದು ಮಲಗಿದ್ದ ಮಗುವಿನ ಕಾಲಿನ ಮೇಲೆ. ಮಗು ಕಿರುಚಿತು. ಗಡಿಯ ಹಳ್ಳಿಯಿಂದ ಗುಂಡಿಗೆ ಹೆದರಿ ಓಡಿಬಂದ ತಾಯಂದಿರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು.

"ಪತ್ರಿಕೆಯವರಾ?" ಮಗುವನ್ನು ಎತ್ತಿಕೊಳ್ಳುತ್ತಾ ಅದರ ತಾಯಿ ಕೇಳಿದಳು. "ಗುಂಡು ತಪ್ಪಿಸ್ಕೊಳ್ಳೋದು ಕಲ್ತಿದಾನೆ ಇವ್ನು. ನಿಮ್ಮನ್ನ ತಪ್ಪಿಸ್ಕೊಳ್ಳೋದು ಹೇಳ್ಕೊಟ್ಟಿರ್ಲಿಲ್ಲ, ಅಣ್ಣ."

ಅವಳೇ ಜೂರಾಕಾನ್. ಜರ್ದಾಳು ಒಣಗಿಸಿ ಮಾರುವವಳು. ಗಂಡ ರಷ್ಯಾದಲ್ಲಿ ಗಾರೆ ಕೆಲಸದವನು. ಗಡಿಯಾಚೆಯವರೊಡನೆ ಕಾಲುವೆ ನೀರಿಗೆ ಜಗಳ ಎದ್ದು ಗುಂಡು ಹಾರಿದಾಗಲೆಲ್ಲ ಮಕ್ಕಳನ್ನು ಲಾರಿಗೆ ತುಂಬಿಕೊಂಡು ಓಡಿದ್ದಾಳೆ. ಹಿಂದಿನ ಎರಡು ಸಲವೂ ಅಧಿಕಾರಿಗಳು "ಈಗ ಶಾಂತಿ" ಎಂದರು, ನಂಬಿ ವಾಪಸಾದಳು. ಮೊದಲ ಸಲ ಹೋದಾಗ ಮನೆಗೆ ಕಿಟಕಿಗಳಿರಲಿಲ್ಲ, ಎರಡನೆಯ ಸಲ ಸೂರಿರಲಿಲ್ಲ. ಈ ಸಲ, ಅವಳ ಮಗಳ ಪಕ್ಕದಲ್ಲೇ ಶಾಲೆಯಲ್ಲಿ ಕೂರುತ್ತಿದ್ದ ಐದಾಯ್ ಎಂಬ ಹುಡುಗಿ ಲಾರಿ ಹತ್ತಲು ಉಳಿದಿರಲಿಲ್ಲ.

ಬಾಗಿಲಲ್ಲಿ ಹಳ್ಳಿಗೆ ಹೊರಟ ಬಸ್ಸುಗಳು ನಿಂತಿದ್ದವು. ಸಂಜೆಯೊಳಗೆ "ಎಲ್ಲರೂ ಮನೆ ಸೇರಿದರು" ಎಂದು ಮೇಲಿನವರಿಗೆ ತಿಳಿಸುವುದು ಅಧಿಕಾರಿ ತೊಕ್ತೊಸುನ್‌ನ ಕೆಲಸ. ಅದನ್ನೇ ನಗುನಗುತ್ತಾ ಬರೆಯುವುದು ನನ್ನದು. ನಗೆಬರಹಗಾರನೂ ಸರ್ಕಾರಕ್ಕೆ ಬೇಕಾದನಲ್ಲ ಎಂದು ನಾನು ಉಬ್ಬಿಕೊಂಡೇ ಬಂದಿದ್ದೆ.

"ಬಸ್ ಹತ್ತಮ್ಮ," ಎಂದ ತೊಕ್ತೊಸುನ್.

"ಓಶ್ ನಗರಕ್ಕೆ ಹೋಗೋ ಬಸ್ ಆದ್ರೆ ಹತ್ತೀನಿ. ಅಲ್ಲಿ ನನ್ನ ತಂಗಿ ಇದಾಳೆ, ಹೊಲಿಗೆ ಕೆಲಸ ಕೊಡಿಸ್ತಾಳೆ. ಬಾಗಿಲು ಬಡಿದ್ರೆ ಮಂಚದ ಕೆಳಗೆ ನುಗ್ತವೆ ನನ್ನ ಮಕ್ಕಳು. ಅದನ್ನ ಮರೀಬೇಕು ಅವು."

"ಹಳ್ಳಿಯಲ್ಲಿ ಈಗ ಶಾಂತಿ ಇದೆಯಲ್ಲಮ್ಮ."

"ಇದ್ರೆ ನಿಮ್ಮ ಮಕ್ಕಳನ್ನೂ ರಜಕ್ಕೆ ಕಳಿಸಿ, ಸಾಹೇಬ್ರೆ. ನಮ್ಮಂಗಳದಲ್ಲಿ ಆಡ್ಕೊಳ್ಳಲಿ. ಆರಿಸ್ಕೊಳ್ಳೋಕೆ ಖಾಲಿ ತೋಟಾ ಬೇಕಾದಷ್ಟಿವೆ."

ಹೆಂಗಸರು ನಕ್ಕರು. ಆ ನಗು ಕೇಳಿ ನಾನು ಪೆನ್ನು ಜೇಬಿಗೆ ಹಾಕಿಕೊಂಡೆ. ತೊಕ್ತೊಸುನ್‌ನ ಕಿವಿ ಕೆಂಪಾಯಿತು; ಆದರೂ ಅವನು ದನಿ ತಗ್ಗಿಸಿದ. ನಮ್ಮಲ್ಲಿ ಮನೆ ಬಿಟ್ಟು ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ತೊಲೆಗೆ ಕಟ್ಟಿಡುತ್ತಾರೆ. ಕಚ್ಚಿದವರು ಮನೆಗೆ ಮರಳಿ ಬಂದು ಅದನ್ನು ತಿಂದು ಮುಗಿಸಲೇಬೇಕು. ಗುಂಡು ಹಾರುತ್ತಿದ್ದರೂ ಯಾವ ತಾಯಿಯೂ ಇದನ್ನು ಬಿಡುವುದಿಲ್ಲ.

"ಅಕ್ಕ, ಎಷ್ಟಾದ್ರೂ ನಮ್ಮೋಳು ನೀನು," ಎಂದ ತೊಕ್ತೊಸುನ್. " ಮಕ್ಕಳ ಕೈಲಿ ರೊಟ್ಟಿ ಕಚ್ಚಿಸೇ ತಾನೆ ಹೊರಟಿದ್ದು? ಆ ರೊಟ್ಟಿ ಮನೇಲಿ ಕಾಯ್ತಿರಲ್ವಾ?"

ಜೂರಾಕಾನ್ ಮಗನ ಸ್ವೆಟರಿನ ಗುಂಡಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲ. ಅದನ್ನೂ ಲಾರಿಗೆ ಹತ್ತಿಸ್ಕೊಂಡೆ. ದಾರೀಲೇ ತಿಂದು ಮುಗಿಸಿದ್ವಿ."