ಕರಿಯ ನನ್ನನ್ನು ಬೈದ ವಿಡಿಯೊ

ಕೊಡಗಿನ ನಮ್ಮ ನೆಲ್ಯಹುದಿಕೇರಿಯ ಶಾಲಾ ವ್ಯಾನಿನ ಡ್ರೈವರ್ ಕರಿಯನನ್ನು ಊರೂರಿನವರು ಮೊಬೈಲಿನಲ್ಲಿ ನೋಡಿದ್ದಾರೆ. ಸೀರೆ ಉಟ್ಟು, ಮುಖಕ್ಕೆ ಮಸಿ ಬಳಿದುಕೊಂಡು, ಪ್ಲಾಸ್ಟಿಕ್ ಕ್ಯಾನ್ ಬಡಿಯುತ್ತಾ ಒಬ್ಬ ಹೆಂಗಸನ್ನು ಬಾಯಿಗೆ ಬಂದಂತೆ ಬೈಯುವ ವಿಡಿಯೊ. ಆ ಹೆಂಗಸು ನಾನೇ, ದಿನಸಿ ಅಂಗಡಿಯ ವಿಶಾಲಾಕ್ಷಮ್ಮ.

ಕರಿಯ ಕಾಡಂಚಿನ ಬುಡಕಟ್ಟು ಜನರ ಹಾಡಿಯಲ್ಲಿ ಹುಟ್ಟಿದವನು. ಎಸ್ಟೇಟಿನ ಟ್ರ್ಯಾಕ್ಟರ್ ತೊಳೆಯುತ್ತಲೇ ಓಡಿಸುವುದನ್ನೂ ಕಲಿತ. ಅವನ ಹಾಡಿಯಲ್ಲಿ ಲೈಸೆನ್ಸ್ ಪಡೆದವರಲ್ಲಿ ಅವನೇ ಮೊದಲಿಗ. ಕುಡಿತವಿಲ್ಲ, ಬೀಡಿಯಿಲ್ಲ. ದಾರಿಯಲ್ಲಿ ಆನೆ ನಿಂತಿದ್ದರೆ ಎಂಜಿನ್ ಆರಿಸಿ, ಅದು ಹೋಗುವ ತನಕ ಮಕ್ಕಳಿಗೆ ಪಿಸುದನಿಯಲ್ಲಿ ಕಥೆ ಹೇಳುತ್ತಾನೆ.

ಇಷ್ಟು ಮೆತ್ತಗಿನವನು ಮೇ ತಿಂಗಳ ಕುಂಡೆ ಹಬ್ಬದ ದಿನ ಮಾತ್ರ ಬೇರೆಯೇ ಆಗುತ್ತಾನೆ. ಬೇಟೆಗೆ ಜೊತೆಯಾಗಿ ಬಂದ ಕಾಡಿನ ಜನರನ್ನು ನಡುದಾರಿಯಲ್ಲಿ ಬಿಟ್ಟು ದೇವರು ಭದ್ರಕಾಳಿಯ ಹಿಂದೆ ಹೋದನಂತೆ. ಆ ಸಿಟ್ಟಿಗೆ ಅವತ್ತು ಹಾಡಿಯ ಗಂಡಸರು ಹೆಣ್ಣುವೇಷ ಹಾಕಿ ದೇವರನ್ನೂ ಬೈಯುತ್ತಾರೆ, ಎದುರಾದವರನ್ನೂ ಬೈಯುತ್ತಾರೆ. ಕೊನೆಗೆ ಗುಡಿಗೆ ಹೋಗಿ ತಪ್ಪಾಯಿತೆಂದು ಕೈಮುಗಿಯುತ್ತಾರೆ. ಹಾಸನದ ಕಡೆಯಿಂದ ಮದುವೆಯಾಗಿ ಬಂದ ವರ್ಷ ನಾನು ಆ ಬೈಗುಳ ಕೇಳಿ ಒಳಗೆ ಓಡಿ ಅತ್ತಿದ್ದೆ. ಅತ್ತೆ ನಕ್ಕು, "ಬೈಸ್ಕೊಂಡೆ ಅಲ್ವಾ? ಇನ್ನು ನೀನೂ ಈ ಊರೋಳಾದೆ ಬಿಡು" ಎಂದಿದ್ದರು.

ಹೋದ ವರ್ಷದ ಹಬ್ಬದಲ್ಲಿ ಕರಿಯ ನನ್ನ ಮೂಗು, ನನ್ನ ತಕ್ಕಡಿ, ಸತ್ತ ನನ್ನ ಗಂಡ ಯಾವುದನ್ನೂ ಬಿಡಲಿಲ್ಲ. ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಟೂರಿಸ್ಟ್ ಕಾರಿನಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, 'ಕುಡುಕನ ಅಟ್ಟಹಾಸ, ಅಳುತ್ತಿರುವ ಬಡಪಾಯಿ ಮುದುಕಿ' ಎಂದು ಹಾಕಿಬಿಟ್ಟರು. ಲಕ್ಷಗಟ್ಟಲೆ ಜನ ನನಗಾಗಿ ಕಣ್ಣೀರಿಟ್ಟರು. ಮುದುಕಿಯಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

ಉರಿ ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಶಾಲೆ ಶುರುವಾಗುವ ಮೊದಲೇ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ, "ಇಂಥವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ?" ಎಂದು ಶಶಿಕುಮಾರ್ ಬರೆದ. ಮೈಸೂರಿನಿಂದ ಹೊಸದಾಗಿ ಬಂದ ಬ್ಯಾಂಕಿನವನು, ಮಗಳ ಮೇಲೆ ಪ್ರಾಣ. ಹಬ್ಬ ಗೊತ್ತಿದ್ದವರೂ ಹೆಬ್ಬೆರಳು ಎತ್ತಿದರು. ಊರಿನ ಕರಿಯಣ್ಣ ಒಂದೇ ವಾರದಲ್ಲಿ ಕುಡುಕನಾಗಿಹೋದ. ಶಾಲೆಯವರು ವ್ಯಾನಿನ ಕೀ ತಂದುಕೊಡು ಎಂದರು.

ಕೀ ಕೊಡುವ ದಿನ ಶಾಲೆಯಲ್ಲಿ ಪೋಷಕರೆಲ್ಲ ಸೇರಿದ್ದರು. ಯಾರೂ ಕರೆಯದಿದ್ದರೂ ನಾನು ಅಂಗಡಿಗೆ ಬಾಗಿಲು ಹಾಕಿ ಹೋದೆ. ಕರಿಯ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೀಯನ್ನು ಮುಷ್ಟಿಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ನಾನು ನೇರ ಮುಂದೆ ಹೋಗಿ ಮೇಜಿನ ಪಕ್ಕ ನಿಂತೆ.

"ಎಲ್ರೂ ಮೊಬೈಲ್ ತೆಗೀರಿ," ಎಂದೆ. "ಕರಿಯ, ಬಾ ಇಲ್ಲಿ. ಅವತ್ತು ಬೈದಿದ್ಯಲ್ಲ, ಅದನ್ನೇ ಈಗ ಬೈ. ಇವ್ರೆಲ್ಲ ಸರಿಯಾಗಿ ನೋಡ್ಲಿ."

ಕರಿಯ ಬೆಚ್ಚಿದ. ಬೆವರು ಒರೆಸಿಕೊಂಡ.

"ಆಗದಿಲ್ಲ ಅಮ್ಮ."

"ಬೈದ್ರೆ ಕೀ ನಿನ್ನತ್ರನೇ ಇರುತ್ತೆ. ಬೈಯೋ!"

"ಇವತ್ತು ಹಬ್ಬ ಅಲ್ಲಲ್ಲ ಅಮ್ಮ. ನಿಮ್ಮನ್ನ ನಾನು ಹೆಂಗೆ ಬೈಯದು?" ಎಂದವನೇ ಕೀಯನ್ನು ಮೇಜಿನ ಮೇಲಿಟ್ಟು ಕೈಮುಗಿದ. ಕಣ್ಣು ತುಂಬಿತ್ತು.

ಎತ್ತಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಶಶಿಕುಮಾರನೇ ಎದ್ದು ಬಂದು ಕೀಯನ್ನು ತೆಗೆದು ಕರಿಯನ ಕೈಗಿಟ್ಟ. "ನಾಳೆ ನನ್ನ ಮಗಳನ್ನು ಹತ್ತಿಸಿಕೊಳ್ತೀರಲ್ವಾ?" ಎಂದ. ನಾನು ನಾಚಿಕೆ ಬಿಟ್ಟು ಅಲ್ಲೇ ಅತ್ತುಬಿಟ್ಟೆ, ಈ ಸಲ ನಿಜವಾಗಿ.

ಈ ಮೇ ತಿಂಗಳ ಹಬ್ಬದ ದಿನ ಶಶಿಕುಮಾರ್ ಬೆಳಗ್ಗೆಯೇ ಬಂದು ನನ್ನ ಅಂಗಡಿಯ ಮುಂದೆ ಕಾದು ನಿಂತಿದ್ದ. ಕರಿಯನ ದಂಡು ಕ್ಯಾನ್ ಬಡಿಯುತ್ತಾ ಬಂತು. ಶಶಿಕುಮಾರನ ಬ್ಯಾಂಕು, ಅವನ ಬೋಳುತಲೆ, ಅವನ ವಾಟ್ಸಾಪು, ಎಲ್ಲಕ್ಕೂ ಮಂಗಳಾರತಿಯಾಯಿತು. ಕೆಂಪೇರಿದ ಮುಖದಲ್ಲಿ ಅವನು ನನ್ನತ್ತ ತಿರುಗಿದ.

"ಬಿಡಪ್ಪ," ಎಂದೆ, "ಇನ್ನು ನೀನೂ ಈ ಊರೋನಾದೆ."